ಸ್ವಯಂವರದ ಪುಟ

ಬನಶಂಕರಿ ಬಸ್ ನಿಲ್ದಾಣದ ಎದುರಿನ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಕಾಲ ಬಳಿ ತಗಡಿನ ಡಬ್ಬಿ, ಕೈಯಲ್ಲಿ ಸವೆದ ಕುಂಚ. ನಾನು ಆಟೋದಿಂದ ಇಳಿದು ಸೊಂಟ ನೇರ ಮಾಡಿಕೊಳ್ಳುತ್ತಿದ್ದೆ. ಗಾಳಿ ಈ ಕಡೆ ತಿರುಗಿತು ನೋಡಿ, ಬೇಯಿಸಿದ ಮೈದಾ ಅಂಟಿನ ವಾಸನೆ ಬಂದು ಮೂಗಿಗೆ ಹತ್ತಿತು. ಡಬ್ಬಿಯೊಳಗೆ ಇಣುಕಿದೆ. ಅಂಟಿಗೆ ತಿಳಿನೀಲಿ ಬಣ್ಣವಿತ್ತು.

"ಮೈಲುತುತ್ತ ಹಾಕಿದೀಯೇನಪ್ಪ?" ಎಂದೆ.

"ಒಂದು ಚಿಟಿಕೆ ಅಜ್ಜಿ. ಇಲ್ದಿದ್ರೆ ಹುಳ ತಿಂದ್ಬಿಡ್ತವೆ," ಎಂದ ಆತ, ಕೈ ನಿಲ್ಲಿಸದೆ.

ನನಗೆ ಗೊತ್ತಿಲ್ಲದ್ದೇನಲ್ಲ. ಒಂದು ಕಾಲಕ್ಕೆ ಅದೇ ಅಂಟನ್ನು ಪಾತ್ರೆಗಟ್ಟಲೆ ಬೇಯಿಸಿದವಳು ನಾನು. ಅಲ್ಲಿಂದ ನನ್ನ ಗೆಳತಿ ವಿಶಾಲುವಿನ ಮನೆಗೆ ಹತ್ತು ನಿಮಿಷದ ದಾರಿ. ಅವಳ ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಎರಡು ವರ್ಷದಿಂದಲೂ ನಾನು ಇವತ್ತು, ನಾಳೆ ಎಂದು ತಳ್ಳಿಕೊಂಡೇ ಬಂದಿದ್ದೆ. ಆ ಹತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆ ಮಾಡಿದೆ. ಆಪ್ತ ಗೆಳತಿಯ ಮನೆಗೆ ಹೋಗಲು ಯಾರಾದರೂ ಹೆದರುತ್ತಾರೆಯೇ? ನಾನು ಹೆದರುತ್ತಿದ್ದೆ. ಅದಕ್ಕೆ ಕಾರಣ ಆ ನೀಲಿ ಅಂಟು, ಮತ್ತು ಅರವತ್ತಮೂರನೆಯ ಇಸವಿಯ ಡಿಸೆಂಬರ್.

ಆಗ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಮನೆಗೂ ವಿಶಾಲುವಿನ ಮನೆಗೂ ನಡುವೆ ಎಂಟು ಖಾಲಿ ಸೈಟು, ಒಂದು ಹುರುಳಿ ಹೊಲ. ಬೆಳಗ್ಗೆ ನಾನು ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಅವಳು ಜಡೆ ಹೆಣೆದುಕೊಳ್ಳುತ್ತಲೇ ಹೊರಗೆ ಬರುತ್ತಿದ್ದಳು. ಇಬ್ಬರೂ ಬಸವನಗುಡಿ ಕಡೆಯ ಹೆಣ್ಣುಮಕ್ಕಳ ಕಾಲೇಜಿಗೆ ನಡೆದು ಹೋಗುತ್ತಿದ್ದೆವು. ಸಾರಕ್ಕಿಯ ಒಕ್ಕಲು ಮನೆತನದ ರಾಜಿ ದಾರಿಯಲ್ಲಿ ಸೇರಿಕೊಳ್ಳುತ್ತಿದ್ದಳು. ಮೂವರೂ ಬಿ.ಎಸ್‌ಸಿ. ಕೊನೆಯ ವರ್ಷ. ಮೂವರಲ್ಲಿ ಓದುವವಳು ವಿಶಾಲು ಒಬ್ಬಳೇ. ಸಸ್ಯಶಾಸ್ತ್ರದ ಲೆಕ್ಚರರ್ ಆಗಬೇಕೆಂದು ಅವಳ ಆಸೆ. ದಾರಿಯಲ್ಲಿ ಕಂಡ ಕಳೆಗಿಡಕ್ಕೆಲ್ಲ ನಿಂತು ಅದರ ಹೆಸರು ಹೇಳುವವಳು. ನಾವಿಬ್ಬರು ಅವಳ ನೋಟ್ಸಿನ ಮೇಲೆ ಬದುಕಿದ್ದೆವು.

ನಮ್ಮನ್ನು ನಿಜವಾಗಿ ಹತ್ತಿರ ಮಾಡಿದ್ದು ಓದಲ್ಲ, ಸ್ಕ್ರ್ಯಾಪ್ ಬುಕ್ಕಿನ ಹುಚ್ಚು. ಹಳೆಯ ಕ್ಯಾಲೆಂಡರಿನ ದೇವರು, ಬೆಂಕಿಪೊಟ್ಟಣದ ಚಿತ್ರ, ಸೋಪಿನ ಹೊದಿಕೆ, ಬಸ್ ಟಿಕೆಟ್ಟು, ದರ್ಜಿ ಬಿಸಾಡಿದ ಬಟ್ಟೆಚೂರು, ಒಣಗಿಸಿದ ಎಲೆ, ಲಗ್ನಪತ್ರಿಕೆಯ ಗಣಪತಿ, ಕಣ್ಣಿಗೆ ಕಂಡದ್ದೆಲ್ಲ ನಮಗೆ ಬೇಕು. ಕಂದುಬಣ್ಣದ ದಪ್ಪ ಹಾಳೆ ತಂದು ನಾವೇ ಪುಸ್ತಕ ಹೊಲಿದುಕೊಳ್ಳುತ್ತಿದ್ದೆವು. ಕೆಲಸ ಹಂಚಿಕೆಯಾಗಿತ್ತು. ರಾಜಿ ಕತ್ತರಿಸುವವಳು, ವಿಶಾಲು ಪುಟದ ಮೇಲೆ ಜೋಡಿಸುವವಳು, ನಾನು ಅಂಟಿಸುವವಳು. ಲಕೋಟೆಯ ಮೇಲಿನ ಸ್ಟಾಂಪು ಬಿಡಿಸುವುದೂ ನನ್ನ ಪಾಲಿನದೇ. ಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು ಹತ್ತು ನಿಮಿಷ ಕಾದರೆ ಸ್ಟಾಂಪು ತಾನಾಗಿ ಕಳಚಿಕೊಳ್ಳುತ್ತದೆ. ನೂರಾರು ಬಿಡಿಸಿದ್ದೆ, ಒಂದೂ ಹರಿದಿರಲಿಲ್ಲ. ನನ್ನ ಕೈ ಅಂದರೆ ಕೈ ಎಂದು ನನಗೆ ವಿಪರೀತ ಜಂಬ.

ಆ ಡಿಸೆಂಬರ್ ರಜೆಗೆ ರಾಜಿ ಒಂದು ಯೋಚನೆ ತಂದಳು. ಸುಬ್ರಹ್ಮಣ್ಯಪುರದಲ್ಲಿ ಅವಳ ದೊಡ್ಡಮ್ಮನ ಸೀಬೆ ತೋಟ. ತೋಟದಲ್ಲೊಂದು ಹೆಂಚಿನ ಮನೆ. ಗುರುವಾರ ಹೋಗಿ ಭಾನುವಾರ ಬರುವುದು. ನಾಲ್ಕು ದಿನ ಪುಸ್ತಕ ಬಿಟ್ಟು ಬೇರೆ ಕೆಲಸವಿಲ್ಲ. ನಮ್ಮ ಮನೆಯಲ್ಲಿ ಒಪ್ಪಿಸುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ವಿಶಾಲುವಿನ ಅಪ್ಪನದು. ಅವರು ಹೈಸ್ಕೂಲು ಮೇಷ್ಟ್ರು, ಊರೆಲ್ಲ ಮೇಷ್ಟ್ರೇ ಎನ್ನುತ್ತಿತ್ತು, ನಾವೂ ಹಾಗೆಯೇ. ಹೊರಗೆ ಎಲ್ಲೂ ಒಂದು ಲೋಟ ಕಾಫಿ ಮುಟ್ಟದ ಮನುಷ್ಯ. ಮಗಳು ಲಾಲ್‌ಬಾಗಿಗೆ ಹೋದರೂ ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಲ್ಲುವವರು. ಹೆದರುತ್ತಲೇ ಹೋಗಿ ಕೇಳಿದೆವು. ಅವರು ಕನ್ನಡಕ ತೆಗೆದು ಒರೆಸಿ, "ಹೋಗ್ಬಾರಮ್ಮ. ಗೆಳತೀರ ಜೊತೆ ನಾಕು ದಿನ ಸಂತೋಷವಾಗಿರು. ಇನ್ಯಾವಾಗ ಆಗುತ್ತೆ," ಎಂದುಬಿಟ್ಟರು. ನಾವು ಹುರುಳಿ ಹೊಲದ ತನಕ ಬಾಯಿ ಮುಚ್ಚಿಕೊಂಡು ನಡೆದು, ಆಮೇಲೆ ಬಿದ್ದು ಬಿದ್ದು ನಕ್ಕೆವು.

ಗುರುವಾರ ಬನಶಂಕರಿ ಗುಡಿಯವರೆಗೆ ಬಸ್ಸು, ಅಲ್ಲಿಂದ ದೊಡ್ಡಮ್ಮ ಕಳಿಸಿದ್ದ ಎತ್ತಿನ ಗಾಡಿ. ಗಾಡಿಯಲ್ಲೇ ವಿಶಾಲು ತನ್ನ ಸ್ಕ್ರ್ಯಾಪ್ ಬುಕ್ಕಿನೊಳಗಿಂದ ಒಂದು ಫೋಟೊ ತೆಗೆದು ನಮ್ಮ ಮುಂದೆ ಹಿಡಿದಳು. ಕೋಟು ತೊಟ್ಟ, ಎಣ್ಣೆ ಹಚ್ಚಿ ಕ್ರಾಪು ಬಾಚಿದ ಯುವಕ.

"ಯಾರೇ ಇದು?" ಎಂದಳು ರಾಜಿ.

"ತರೀಕೆರೆ ಕಡೆಯವರಂತೆ. ಓವರ್ಸಿಯರು. ಎಲ್ಲೋ ಅಣೆಕಟ್ಟಿನ ಕೆಲಸದಲ್ಲಿದಾರಂತೆ, ಬರೋಕೆ ರಜ ಸಿಗಲ್ಲ ಅಂತ ಫೋಟೊ ಕಳಿಸಿದಾರೆ. ಅವರ ಅಮ್ಮ ನನ್ನ ಯಾವುದೋ ಮದುವೇಲಿ ನೋಡಿದ್ರಂತೆ."

ನಾನು ಫೋಟೊದಿಂದ ತಲೆಯೆತ್ತಿದೆ. "ಪರೀಕ್ಷೆ?"

"ಅದನ್ನೇ ಹೇಳ್ತಿದೀನಿ ಕೇಳು. ಬೆಳಗ್ಗೆ ಅಪ್ಪ ಕರೆದು ಕೊಟ್ರು. ನೋಡು, ಯೋಚನೆ ಮಾಡು, ಭಾನುವಾರ ಹೇಳು. ಬೇಡ ಅಂದ್ರೆ ಫೋಟೊನೂ ಜಾತಕನೂ ವಾಪಸ್ ಕಳಿಸೋಣ, ನಿನ್ನಿಷ್ಟ ಅಂದ್ರು. ನನ್ನಿಷ್ಟ ಅಂತ ಅಪ್ಪ ಹೇಳಿದ್ದು ಇದೇ ಮೊದಲು ಕಣೆ. ಭಾನುವಾರ ಬೇಡ ಅಂತೀನಿ. ಮುಗೀತು."

ಆ ಕಾಲದಲ್ಲಿ ಸಂಬಂಧ ಬೇಡವೆನ್ನುವುದಕ್ಕೆ ಒಂದು ಮರ್ಯಾದೆಯ ದಾರಿಯಿತ್ತು. ಕಾರಣ ಯಾರೂ ಬರೆಯುತ್ತಿರಲಿಲ್ಲ. ಬಂದ ಜಾತಕವನ್ನೂ ಫೋಟೊವನ್ನೂ ಸುಕ್ಕಿಲ್ಲದ ಹಾಗೆ ಲಕೋಟೆಗೆ ಹಾಕಿ ಹಿಂತಿರುಗಿಸಿದರೆ ಅವರಿಗೂ ಅರ್ಥವಾಗುತ್ತಿತ್ತು, ನಾಳೆ ಎಲ್ಲೋ ಎದುರಾದರೆ ಎರಡೂ ಕಡೆಯವರು ನಗುತ್ತ ಮಾತಾಡಬಹುದಿತ್ತು. ಫೋಟೊ ಇಟ್ಟುಕೊಂಡರೆ ಒಪ್ಪಿದ ಹಾಗೆ. ಇದು ನಮಗೆ ಮೂವರಿಗೂ ಗೊತ್ತಿತ್ತು.

ಆ ಮೊದಲ ಎರಡು ದಿನದಷ್ಟು ಸುಖ ನಾನು ಜೀವನದಲ್ಲಿ ಮತ್ತೆ ಪಡೆದಿಲ್ಲ. ಧನುರ್ಮಾಸದ ಚಳಿ. ಬೆಳಗ್ಗೆ ತೋಟದ ಮೇಲೆ ಮಂಜು ಕೂತಿರುತ್ತಿತ್ತು, ಅಂಗಳದಲ್ಲಿ ಅವರೆಕಾಯಿಯ ರಾಶಿ. ಅದರ ಸೊಗಡು ಕೈಗೆ, ಬಟ್ಟೆಗೆ, ಕೊನೆಗೆ ನಮ್ಮ ಪುಸ್ತಕಗಳಿಗೂ ಹತ್ತಿತು. ಮೊದಲ ದಿನ ನಾನು ಒಲೆಯ ಮುಂದೆ ಕೂತು ಮೈದಾ ಕಲಸಿ, ಗಂಟಾಗದ ಹಾಗೆ ತಿರುವಿ, ಚಿಟಿಕೆ ಮೈಲುತುತ್ತ ಉದುರಿಸಿ ಒಂದು ಮಡಕೆ ಅಂಟು ಮಾಡಿದೆ. ದೊಡ್ಡಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಅಲ್ಲ ಕಣ್ರವ್ವ, ಇಷ್ಟು ಹಿಟ್ಟು ಬೇಯ್ಸಿ ಕಾಗ್ದಕ್ಕೆ ಬಳೀತೀರಲ್ಲ. ಬೆಲ್ಲ ಹಾಕಿದ್ರೆ ನಾನಾದ್ರೂ ತಿಂತಿದ್ದೆ," ಎಂದರು.

"ಇದನ್ನ ತಿಂದ್ರೆ ಸತ್ತೋಗ್ತೀಯ ದೊಡ್ಡವ್ವ, ಇಸ ಐತೆ," ಎಂದು ರಾಜಿ ಮಡಕೆಯನ್ನು ದೂರ ಸರಿಸಿದಳು.

ಜಗಲಿಯ ಮೇಲೆ ಚಾಪೆ ಹಾಸಿ ಮೂವರೂ ಮೊಣಕಾಲೂರಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ದೊಡ್ಡಮ್ಮ ಹಿತಕಿದ ಬೇಳೆ ಸಾರು, ಮುದ್ದೆ ಇಟ್ಟು ಕರೆದು ಕರೆದು ಸಾಕಾಗಿ ಕೊನೆಗೆ ಕತ್ತರಿ ಕಸಿದುಕೊಳ್ಳುತ್ತಿದ್ದರು. ವಿಶಾಲು ಮುದ್ದೆ ನುಂಗಲು ಕಲಿತದ್ದು ಅಲ್ಲೇ. ಅವಳ ಪುಸ್ತಕದ ಅರ್ಧ ಬರೀ ಎಲೆ. ತೋಟದ ಬೇಲಿಯಿಂದ ತಂದ ಒಂದೊಂದು ಎಲೆಯ ಕೆಳಗೂ ಹೆಸರು, ಕುಟುಂಬ ಬರೆಯುತ್ತಿದ್ದಳು. "ಮುಂದಿನ ವರ್ಷ ಎಂ.ಎಸ್‌ಸಿ. ಸೇರಿದ್ಮೇಲೆ ಇದನ್ನೇ ದೊಡ್ಡದಾಗಿ ಮಾಡ್ತೀನಿ," ಎನ್ನುತ್ತಿದ್ದಳು. ಶುಕ್ರವಾರ ಸಂಜೆಯ ಬಿಸಿಲಿನಲ್ಲಿ ಆ ಮಾತು ಹೇಳಿದಾಗ ಅವಳ ಮುಖ ಹೇಗಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಶನಿವಾರ ಬೆಳಗ್ಗೆ ತಮಾಷೆ ಶುರುವಾಯಿತು. "ವಿಶಾಲುಗೆ ಒಂದು ಸ್ವಯಂವರ ಮಾಡಿಬಿಡೋಣ," ಎಂದೆ ನಾನೇ. ರಾಜಿ ಸರಸರನೆ ಕತ್ತರಿಸಿದಳು. ಬಿಸ್ಕತ್ತಿನ ಡಬ್ಬಿಯ ಮೇಲಿನ ದೊರೆ, ಸೈಕಲ್ ಜಾಹೀರಾತಿನ ಶೋಕಿಲಾಲ, ಲೇಹ್ಯದ ಪೈಲ್ವಾನ, ಕ್ಯಾಲೆಂಡರಿನ ಒಬ್ಬ ಮಹಾರಾಜ. ವಿಶಾಲು ಅವರನ್ನೆಲ್ಲ ಎರಡು ಸಾಲಾಗಿ ಕೂರಿಸಿದಳು. ನಡುವೆ ಹಾರ ಹಿಡಿದ ಒಂದು ಸೀರೆ ಜಾಹೀರಾತಿನ ಹೆಂಗಸು. ಪೈಲ್ವಾನನ ಪಕ್ಕ ಒಂದು ಜಾಗ ಖಾಲಿ ಉಳಿಯಿತು. ನಗುತ್ತಲೇ ಅವಳು ಓವರ್ಸಿಯರರ ಫೋಟೊವನ್ನು ಅಲ್ಲಿಟ್ಟಳು. ಕೋಟು ತೊಟ್ಟು ಗಂಭೀರವಾಗಿ ಕೂತ ಆತನನ್ನು ಆ ಮೆರವಣಿಗೆಯ ಮಧ್ಯೆ ನೋಡಿ ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅಷ್ಟರಲ್ಲಿ ದೊಡ್ಡಮ್ಮ ಸೀಬೆಹಣ್ಣು ಕೀಳಲು ಕರೆದರು. ಅವರಿಬ್ಬರೂ ಎದ್ದು ಓಡಿದರು. ನಾನು ಕುಂಚ ತೊಳೆದು ಬರುತ್ತೇನೆಂದು ಹಿಂದೆ ಉಳಿದೆ.

ಕುಂಚ ತೊಳೆಯಲಿಲ್ಲ. ಪುಟವನ್ನು ಅಂಟಿಸಿದೆ. ದೊರೆ, ಶೋಕಿಲಾಲ, ಪೈಲ್ವಾನ, ಆಮೇಲೆ ಆ ಫೋಟೊ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲಾರೆ. ಗೊತ್ತಿದ್ದೇ ಅಂಟಿಸಿದೆ. ಅವಳು ಬಂದು ನೋಡಿ ಒಂದು ಕ್ಷಣ ಗಾಬರಿಯಾಗಬೇಕು, ನಾನು ನಕ್ಕು ಬೆಚ್ಚಗಿನ ನೀರಿನಲ್ಲಿ ಬಿಡಿಸಿಕೊಡಬೇಕು, ಇಷ್ಟೇ ನನ್ನ ಲೆಕ್ಕ. ಸ್ಟಾಂಪು ಬರುವುದಿಲ್ಲವೇ, ಹಾಗೆ.

ಅವಳು ಬಂದಳು, ಗಾಬರಿಯಾದಳು, ನಾನು ನಕ್ಕೆ. ಅಲ್ಲಿಯವರೆಗೆ ಎಲ್ಲ ಲೆಕ್ಕದಂತೆಯೇ. ತಟ್ಟೆಯಲ್ಲಿ ಬಿಸಿನೀರು ತಂದು ಆ ಜಾಗವನ್ನಷ್ಟೇ ನೆನೆಸಿದೆ. ಹತ್ತು ನಿಮಿಷ ಕಾದು ಉಗುರಿನಿಂದ ಮೂಲೆ ಎತ್ತಿದೆ. ಫೋಟೊದ ಕಾಗದ ಕದಲಲಿಲ್ಲ. ಕದಲಿದ್ದು ಅದರ ಮೇಲಿನ ಚಿತ್ರ. ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ಕೋಟಿನ ಕಾಲರಿನಿಂದ ಹಣೆಯವರೆಗೆ ನನ್ನ ಉಗುರಿಗೆ ಅಂಟಿಕೊಂಡು ಬಂದುಬಿಟ್ಟಿತು. ಕೆಳಗೆ ಬಿಳಿ ಉಳಿಯಿತು, ಅಂಚಿನಲ್ಲಿ ಒಂದಿಷ್ಟು ನೀಲಿ.

ಬಂದ ಚೂರನ್ನು ವಾಪಸ್ಸು ಕೂರಿಸಲು ನೋಡಿದೆ, ಇನ್ನೂ ಹರಿಯಿತು. ರಾಜಿ, "ಸಾಕು ಬಿಡೇ, ಮುಟ್ಬೇಡ," ಎಂದಳು. ದೊಡ್ಡಮ್ಮ ಬಂದು ಬಗ್ಗಿ ನೋಡಿದರು. "ಯಾರ್ದವ್ವ ಈ ಮಕ? ಬದುಕವ್ರಾ?" ಎಂದು ಕೇಳಿದರು. ಬದುಕಿದ್ದಾರೆ ಎಂದಾಗ ಕೆನ್ನೆ ಬಡಿದುಕೊಂಡು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ವಿಶಾಲು ನನ್ನ ಕೈ ಒರೆಸಿ, "ಅಪ್ಪಂಗೆ ನಾನು ಹೇಳ್ತೀನಿ," ಎಂದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಸಂಜೆ ಅವಳ ಮನೆಯ ಗೇಟಿನ ತನಕ ನಾನು ಜೊತೆಗೆ ಹೋದೆ. "ನೀನಿಲ್ಲೇ ಇರು, ಕರೀತೀನಿ," ಎಂದು ಅವಳೊಬ್ಬಳೇ ಒಳಗೆ ಹೋದಳು. ನಾನು ಗೇಟಿನ ಚಿಲಕ ಹಿಡಿದು ನಿಂತಿದ್ದೆ. ಒಳಗಿನ ಮಾತು ಕೇಳಿಸಲಿಲ್ಲ. ತುಂಬ ಹೊತ್ತಾದ ಮೇಲೆ ಕರೆದಳು. ಮೇಷ್ಟ್ರು ಆರಾಮಕುರ್ಚಿಯಲ್ಲಿದ್ದರು. ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ವಿಷಯ ತಿಳಿದಿದೆ ಎಂದುಕೊಂಡೆ. ಆದರೆ ವಿಶಾಲು ಪುಸ್ತಕ ಬಿಚ್ಚಿ ಆ ಪುಟವನ್ನು ಅವರ ಮುಂದಿಟ್ಟದ್ದು ನಾನು ಒಳಗೆ ಬಂದ ಮೇಲೆಯೇ.

"ಅಂಟಿಸಿದ್ದು ನಾನು ಮೇಷ್ಟ್ರೇ. ಅವಳದೇನೂ ತಪ್ಪಿಲ್ಲ," ಎಂದೆ. ಅಳು ಬಂತು.

ಅವರು ಪುಟವನ್ನು ಬಹಳ ಹೊತ್ತು ನೋಡಿದರು. ದೊರೆಯನ್ನು, ಪೈಲ್ವಾನನನ್ನು, ಮುಖವಿಲ್ಲದ ಕೋಟನ್ನು. ನೋಡುತ್ತ ನೋಡುತ್ತ ಅವರ ಮುಖ ಸಡಿಲವಾಯಿತು, ಬಣ್ಣ ವಾಪಸ್ಸು ಬಂತು. ನಗುವೇ ಬಂದೀತೇನೋ ಅನ್ನಿಸಿತು. ಎಂಥ ದೊಡ್ಡ ಮನಸ್ಸಪ್ಪ ಇವರದು ಎಂದು ನಾನು ಒಳಗೊಳಗೇ ಕೈ ಮುಗಿದೆ.

"ಹೋಗ್ಲಿ ಬಿಡಮ್ಮ, ಮಕ್ಕಳು," ಎಂದರು ನನಗೆ. ಆಮೇಲೆ ಮಗಳ ಕಡೆ ತಿರುಗಿ ಮೆತ್ತಗೆ, "ಆದ್ರೆ ಇನ್ನು ವಾಪಸ್ ಕಳಿಸೋದು ಹ್ಯಾಗಮ್ಮ ವಿಶಾಲು? ಬದುಕಿರೋ ಹುಡುಗನ ಮುಖ ಕಿತ್ತು ಕಳಿಸಿದ್ರೆ ಆ ತಾಯಿ ಏನಂದ್ಕೋತಾರೆ? ಬರೀ ಜಾತಕ ಕಳಿಸಿದ್ರೆ ಫೋಟೊ ಎಲ್ಲಿ ಅಂತಾರೆ. ನೀನೇ ಹೇಳು," ಎಂದರು.

ವಿಶಾಲು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

ಮರುದಿನ ಗಾಂಧಿಬಜಾರಿನ ಒಂದು ಸ್ಟುಡಿಯೋಗೆ ಓಡಿದೆ. ಆತ ಪುಟವನ್ನು ದೀಪದ ಕೆಳಗೆ ಹಿಡಿದು, "ನೆಗೆಟಿವ್ ತನ್ನಿ, ಹೊಸದೇ ಮಾಡಿಕೊಡ್ತೀನಿ. ಇದರಲ್ಲಿ ಏನಿದೆ ಅಂತ ಮಾಡ್ಲಿ?" ಎಂದ. ನೆಗೆಟಿವ್ ಇದ್ದದ್ದು ಯಾವ ಊರಿನ ಯಾವ ಸ್ಟುಡಿಯೋದಲ್ಲೋ. ಹುಡುಗನಿಗೇ ಕಾಗದ ಬರೆಯುತ್ತೇನೆ, ತಪ್ಪು ನನ್ನದು, ದಯವಿಟ್ಟು ಕ್ಷಮಿಸಿ ಎಂದು ಬರೆಯುತ್ತೇನೆ ಎಂದು ನಮ್ಮಮ್ಮನಿಗೆ ಹೇಳಿದೆ. "ಮದುವೆಯಾಗದ ಹುಡುಗಿ ಗೊತ್ತಿಲ್ಲದ ಗಂಡಸಿಗೆ ಕಾಗದ ಬರೀತೀಯಾ? ಮಾಡಿದ್ದು ಸಾಲ್ದಾ?" ಎಂದರು ಅಮ್ಮ. ಹದಿನೈದು ದಿನ ಹಾಗೆ ಒದ್ದಾಡಿದೆ. ನಾನು ಹಿಡಿದ ಒಂದೊಂದು ದಾರಿಯೂ ಯಾರದೋ ಮರ್ಯಾದೆಯ ಬಾಗಿಲಿಗೆ ಬಂದು ನಿಂತುಬಿಡುತ್ತಿತ್ತು.

ಸಂಕ್ರಾಂತಿ ಬಂತು, ಎಳ್ಳು ಬೀರಲು ಹೋದಾಗ ವಿಶಾಲುವಿನ ಅಮ್ಮ ಮಾಘದಲ್ಲಿ ಮುಹೂರ್ತ ಎಂದು ಹೇಳಿದರು. ವಿಶಾಲು ಎಳ್ಳಿನ ತಟ್ಟೆ ಹಿಡಿದು ನಿಂತಿದ್ದಳು, ನನ್ನ ನೋಡಿ ಸುಮ್ಮನೆ ತಲೆಯಾಡಿಸಿದಳು. ಮದುವೆಯಲ್ಲಿ ನಾನೂ ರಾಜಿಯೂ ಪನ್ನೀರು ಚಿಮುಕಿಸುತ್ತ ನಿಂತೆವು. ಏಪ್ರಿಲಿನಲ್ಲಿ ನಾವಿಬ್ಬರು ಅವಳ ನೋಟ್ಸು ಓದಿ ಪಾಸಾದೆವು. ಅವಳು ಪರೀಕ್ಷೆ ಬರೆಯಲೇ ಇಲ್ಲ. ಪರೀಕ್ಷೆಯ ಕೊಠಡಿಯಲ್ಲಿ ನನ್ನ ಮುಂದೆಯೇ ಇದ್ದ ಅವಳ ನಂಬರಿನ ಬೆಂಚು ಮೂರು ಗಂಟೆ ಖಾಲಿ ಇತ್ತು, ಎಲ್ಲ ದಿನವೂ.

ಆಮೇಲೆ ಅವರು ಅಣೆಕಟ್ಟಿನಿಂದ ಅಣೆಕಟ್ಟಿಗೆ ಊರು ಬದಲಿಸುತ್ತ ಹೋದರು. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು. ಅವಳ ಗಂಡ ಮೆದು ಮಾತಿನ ಒಳ್ಳೆಯ ಮನುಷ್ಯ, ನನ್ನ ಕಂಡರೆ "ಬನ್ನಿ ಅಂಟಿನ ಮೇಡಂ," ಎಂದು ನಗುತ್ತಿದ್ದರು. ಅವರು ನಕ್ಕಷ್ಟೂ ನಾನು ಕುಗ್ಗುತ್ತಿದ್ದೆ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಅವಳ ಕುರ್ಚಿಯಲ್ಲಿ ನಾನು ಕೂತಿದ್ದೇನೆ ಎನ್ನಿಸದ ಒಂದು ದಿನವೂ ಇಲ್ಲ. ಆ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಮೊನ್ನೆ ಎತ್ತಿದೆ. ಆ ವಾಸನೆ ಎತ್ತಿಸಿತು ಎಂದರೂ ಸರಿ. ವಿಶಾಲು ಕಾಫಿ ತಂದಿಟ್ಟು ಕೂತಳು. ಬೇರೆ ಏನೂ ಮಾತಾಡದೆ, "ವಿಶಾಲು, ನಾನು ಅದನ್ನ ಅಂಟಿಸಬಾರದಿತ್ತು. ನಿನ್ನ ಓದು ಹಾಳಾಗಿದ್ದು ನನ್ನಿಂದ," ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಇಷ್ಟು ವರ್ಷ ಹಾಗಂದ್ಕೊಂಡಿದ್ಯಾ?" ಎಂದಳು. ಎದ್ದು ಒಳಗೆ ಹೋಗಿ ಪುಸ್ತಕ ತಂದಳು. ಕಂದು ಹಾಳೆ ಕಪ್ಪಾಗಿತ್ತು, ಎಲೆಗಳು ಪುಡಿಯಾಗಿದ್ದವು, ಆದರೆ ನನ್ನ ಅಂಟು ಹಿಡಿದಲ್ಲೆಲ್ಲ ಒಂದು ಹುಳವೂ ಬಿದ್ದಿರಲಿಲ್ಲ. ಸ್ವಯಂವರದ ಪುಟ ತೆಗೆದಳು. ದೊರೆ, ಶೋಕಿಲಾಲ, ಪೈಲ್ವಾನ, ಮುಖವಿಲ್ಲದ ಕೋಟು. ಅದರ ಕೆಳಗೆ ನಾನು ಕಂಡಿರದ ಒಂದು ಪೋಸ್ಟ್ ಕಾರ್ಡು. ಮೂಲೆಗಳಿಗೆ ಅರಿಸಿನ ಹಚ್ಚಿತ್ತು. ಎತ್ತಿ ಓದಲು ಬರುವ ಹಾಗೆ ಒಂದು ಅಂಚಿಗೆ ಮಾತ್ರ ಅಂಟು ಹಾಕಿದ್ದಳು.

"ಮದುವೆಯಾಗಿ ಮೂರು ವರ್ಷಕ್ಕೆ ನಮ್ಮತ್ತೆ ಟ್ರಂಕಲ್ಲಿ ಸಿಕ್ತು. ಓದು."

ಎತ್ತಿದೆ. ಮೇಷ್ಟ್ರ ದುಂಡು ಅಕ್ಷರ ಗುರುತು ಹಿಡಿಯಲು ಕನ್ನಡಕವೂ ಬೇಕಿರಲಿಲ್ಲ. ಧನುರ್ಮಾಸ ಹತ್ತಿರ ಬಂದುದರಿಂದ ಮುಂಚಿತವಾಗಿಯೇ ತಿಳಿಸುತ್ತಿದ್ದೇನೆ. ತಮ್ಮ ಚಿರಂಜೀವಿಯ ಭಾವಚಿತ್ರ ತಲುಪಿತು. ಚಿ. ಕುಂ. ವಿಶಾಲಾಕ್ಷಿ ನೋಡಿ ಸಂತೋಷದಿಂದ ಒಪ್ಪಿರುತ್ತಾಳೆ. ಮಾಘದಲ್ಲಿ ಮುಹೂರ್ತ ನೋಡಬಹುದು.

ನಾವು ತೋಟಕ್ಕೆ ಹೋದಾಗ ಧನುರ್ಮಾಸ ಹುಟ್ಟಿ ವಾರದ ಮೇಲಾಗಿತ್ತು. ಅವಳ ಕೈಗೆ ಫೋಟೊ ಬಂದದ್ದು ಅದೇ ಗುರುವಾರ ಬೆಳಗ್ಗೆ. ಮೇಷ್ಟ್ರು ಅಷ್ಟು ಸುಲಭವಾಗಿ ಹೋಗಿಬಾ ಎಂದದ್ದು, ಇನ್ಯಾವಾಗ ಆಗುತ್ತೆ ಎಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

"ಮತ್ಯಾಕೆ ನಿನ್ನಿಷ್ಟ ಅಂದ್ರು?"

"ನಾನು ಹೂಂ ಅಂತೀನಿ ಅಂತ್ಲೇ ಅಂದ್ಕೊಂಡಿದ್ರು ಕಣೆ. ಅಲ್ಲಿವರೆಗೆ ಯಾವುದಕ್ಕಾದ್ರೂ ಬೇಡ ಅಂದಿದ್ನಾ?"

ನನಗೆ ಹಗುರವಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಅಷ್ಟರಲ್ಲಿ ಗೇಟಿನ ಚಿಲಕ ನೆನಪಾಯಿತು.

"ಅವತ್ತು ನನ್ನನ್ನ ಒಳಗೆ ಕರೆಯೋದಕ್ಕೆ ಮುಂಚೆ ಅಪ್ಪಂಗೆ ಏನು ಹೇಳ್ದೆ?"

"ಬೇಡ ಅಂದೆ. ಓದಬೇಕು, ವಾಪಸ್ ಕಳಿಸಿ ಅಂದೆ. ಆಮೇಲೆ ತಾನೆ ಪುಸ್ತಕ ತೋರಿಸಿದ್ದು."

ಬಿಳಿಚಿಕೊಂಡ ಆ ಮುಖಕ್ಕೆ ಬಣ್ಣ ಬಂದದ್ದು ಯಾತಕ್ಕೆಂದು ಈಗ ತಿಳಿಯಿತು. ಒಪ್ಪಿಗೆ ಬರೆದುಬಿಟ್ಟಿದ್ದೇನೆ ಎಂದು ಮಗಳ ಮುಂದೆ ಬಾಯಿಬಿಟ್ಟು ಹೇಳಬೇಕಾಗಿ ಬಂದಿದ್ದ ಮನುಷ್ಯನಿಗೆ ನಾನು ನೀಲಿ ಅಂಟಿನಲ್ಲಿ ಒಂದು ಕಾರಣ ಮಾಡಿ ಕೊಟ್ಟಿದ್ದೆ.

"ಫೋಟೊ ಸರಿಯಾಗಿದ್ದಿದ್ರೆ ಅವರು ಏನು ಮಾಡ್ತಿದ್ರೇ?" ಎಂದು ಕೇಳಿದೆ.

ವಿಶಾಲು ಕಾರ್ಡನ್ನು ಮೆಲ್ಲಗೆ ಮೊದಲಿನಂತೆ ಕೂರಿಸಿ ಪುಟ ಮುಚ್ಚಿದಳು.

"ಗೊತ್ತಿಲ್ಲ. ಅಪ್ಪ ಹೋಗೋ ತನಕ ಕೇಳಬೇಕು ಅಂತಿದ್ದೆ. ಆಗಲಿಲ್ಲ," ಎಂದಳು. "ಕಾಫಿ ಕುಡಿ, ಆರಿಹೋಯ್ತು."